ಸೀಟು ಸಿಕ್ಕ ಮೇಲೆ: ಊರಿಂದ ಬೆಂಗಳೂರಿಗೆ ಇಂಜಿನಿಯರಿಂಗ್ ಓದಲು ಹೊರಡುವವರಿಗೆ

ಸಿಇಟಿ ಸೀಟು ಹಂಚಿಕೆಯ ಫಲಿತಾಂಶ ಬಂದ ಸಂಜೆಯೇ ಮನೆಯಲ್ಲಿ ಸೂಟ್‌ಕೇಸು, ಹಾಸಿಗೆ, ಲ್ಯಾಪ್‌ಟಾಪಿನ ಮಾತು ಶುರುವಾಗುತ್ತದೆ. ಅವೆಲ್ಲ ಕೊನೆಯ ಕೆಲಸಗಳು. ಬಕೆಟ್ಟು ಮರೆತರೆ ಬೆಂಗಳೂರಿನ ಯಾವ ಬೀದಿಯಲ್ಲಾದರೂ ಸಿಗುತ್ತದೆ. ಊರಿನ ಬ್ಯಾಂಕ್ ಶಾಖೆಯಲ್ಲಿ ಸಹಿ ಹಾಕಬೇಕಿದ್ದ ಫಾರಂ ಮರೆತರೆ ಎರಡು ರಾತ್ರಿಯ ಬಸ್ಸು, ಒಂದು ದಿನದ ಹಾಜರಿ ಎರಡೂ ಹೋಗುತ್ತವೆ. ಮೊದಲ ಸೆಮಿಸ್ಟರಿನ ಮುಕ್ಕಾಲು ತಾಪತ್ರಯ ಕೆಲಸಗಳು ಹಿಂದುಮುಂದಾಗಿ ಮಾಡಿದ್ದರಿಂದ ಬರುವಂಥವು. ಆದ್ದರಿಂದ ಮುಂದೆ ಹೇಳಿರುವ ಸರದಿಯನ್ನು ಆದಷ್ಟು ಹಾಗೆಯೇ ಹಿಡಿಯಿರಿ. ಇಲ್ಲಿನ ಅಂಕ-ಹಾಜರಿಯ ಲೆಕ್ಕ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳದ್ದು. ಉಳಿದದ್ದು ಯಾವ ಕೋರ್ಸಿಗೆ ಬರುವವರಿಗೂ ಹೊಂದುತ್ತದೆ.

ಮೊದಲು ಹೆಸರು

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್: ಈ ಐದನ್ನೂ ಒಟ್ಟಿಗೆ ಮೇಜಿನ ಮೇಲೆ ಹರಡಿ, ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ. ಉತ್ತರ ಕರ್ನಾಟಕದವರಿಗೆ ಇದರ ಕಾಟ ಹೆಚ್ಚು. ಶಾಲೆಯಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮವಿದ್ದರೆ ಆಧಾರಿನಲ್ಲಿ ಅಡ್ಡಹೆಸರು ಬಿಟ್ಟೇ ಹೋಗಿರುತ್ತದೆ. ಹಳೆ ಮೈಸೂರು ಕಡೆ ಇನಿಷಿಯಲ್ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ. ಕಣ್ಣಿಗೆ ಸಣ್ಣದೆನಿಸುವ ಈ ವ್ಯತ್ಯಾಸವೇ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ ಎಸ್‌ಎಸ್‌ಪಿಯಲ್ಲಿ ಅರ್ಜಿ ನಿಲ್ಲುವುದಕ್ಕೆ ದೊಡ್ಡ ಕಾರಣ.

ತಿದ್ದುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಮೂಲ ಎಂದು ಇಟ್ಟುಕೊಳ್ಳಿ. ಅದನ್ನು ಬದಲಿಸುವುದು ಎಲ್ಲಕ್ಕಿಂತ ಕಷ್ಟ. ಉಳಿದವನ್ನು ಅದಕ್ಕೆ ಹೊಂದಿಸುವುದು ಸುಲಭ. ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡು ಸಲ, ಹುಟ್ಟಿದ ದಿನಾಂಕ ತಿದ್ದಲು ಒಂದು ಸಲ ಮಾತ್ರ ಅವಕಾಶ. ಹಾಗಾಗಿ ಸೇವಾ ಕೇಂದ್ರದವರು ಟೈಪ್ ಮಾಡಿದ್ದನ್ನು ಸಲ್ಲಿಸುವ ಮೊದಲು ಪರದೆಯಲ್ಲಿ ನೀವೇ ಓದಿ. ಆಧಾರಿಗೆ ಈಗ ಬಳಕೆಯಲ್ಲಿರುವ ಮೊಬೈಲ್ ನಂಬರ್ ಸೇರಿರಬೇಕು. ಒಟಿಪಿ ಅಪ್ಪನ ಹಳೇ ಸಿಮ್ಮಿಗೆ ಹೋಗುತ್ತಿದ್ದರೆ ಬೆಂಗಳೂರಿನಲ್ಲಿ ಕೂತು ಏನೂ ಮಾಡಲಾಗದು. ಚಿಕ್ಕಂದಿನಲ್ಲಿ ಆಧಾರ್ ಮಾಡಿಸಿದವರು 15 ತುಂಬಿದ ಮೇಲೆ ಬೆರಳಚ್ಚು, ಕಣ್ಣಿನ ಪಾಪೆ ಮತ್ತೆ ಕೊಟ್ಟಿರಬೇಕು. ಕೊಡದಿದ್ದರೆ ಹೊಸ ಸಿಮ್ ಕೊಳ್ಳುವಾಗ, ಬ್ಯಾಂಕಿನ ಕೆವೈಸಿ ಮಾಡುವಾಗ ಬೆರಳು ಹೊಂದುತ್ತಿಲ್ಲ ಎಂದು ವಾಪಸ್ ಕಳಿಸುತ್ತಾರೆ.

ಆಮೇಲೆ ಬ್ಯಾಂಕು

ವಿದ್ಯಾರ್ಥಿವೇತನದ ಹಣ ನೀವು ಅರ್ಜಿಯಲ್ಲಿ ಬರೆದ ಖಾತೆಗೆ ಬರುವುದಿಲ್ಲ. ಆಧಾರ್ ಯಾವ ಖಾತೆಗೆ ಸೀಡ್ ಆಗಿದೆಯೋ, ಅಂದರೆ ಸರ್ಕಾರದ ಹಣ ಪಡೆಯಲು ಜೋಡಣೆಯಾಗಿದೆಯೋ, ಅಲ್ಲಿಗೆ ಬರುತ್ತದೆ. ಖಾತೆ ಎಷ್ಟೇ ಇರಲಿ, ಸರ್ಕಾರದ ನೇರ ಹಣ (ಡಿಬಿಟಿ) ಬೀಳುವುದು ಕೊನೆಯದಾಗಿ ಸೀಡ್ ಆದ ಒಂದೇ ಒಂದರಲ್ಲಿ. ಹೈಸ್ಕೂಲಿನಲ್ಲಿ ತೆರೆದು ಮರೆತ ಖಾತೆಗೇ ಸೀಡ್ ಆಗಿದ್ದು, ಅದು ಎರಡು ವರ್ಷ ವಹಿವಾಟಿಲ್ಲದೆ ನಿಷ್ಕ್ರಿಯವಾಗಿದ್ದರೆ ಹಣ ಮಂಜೂರಾಗಿಯೂ ಕೈಗೆ ಬರದು. ಮೈಆಧಾರ್ ಜಾಲತಾಣದಲ್ಲಿ ಲಾಗಿನ್ ಆಗಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿದರೆ ಯಾವ ಬ್ಯಾಂಕು, ಸಕ್ರಿಯವೋ ಅಲ್ಲವೋ ಎರಡೂ ಗೊತ್ತಾಗುತ್ತದೆ. ಬ್ಯಾಂಕಿನಲ್ಲಿ ‘ಆಧಾರ್ ಲಿಂಕ್ ಆಗಿದೆ’ ಎಂದರೆ ಸಾಲದು. ಲಿಂಕ್ ಬೇರೆ, ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಸೀಡಿಂಗ್ ಬೇರೆ. ಕೌಂಟರಿನಲ್ಲಿ ‘ಡಿಬಿಟಿಗೆ ಸೀಡಿಂಗ್ ಫಾರಂ ಕೊಡಿ’ ಎಂದೇ ಕೇಳಿ.

ಪಿಯುಸಿ ಮುಗಿಸಿದವರು ಆ ವರ್ಷವೋ ಮುಂದಿನ ವರ್ಷವೋ 18 ದಾಟುತ್ತಾರೆ. ಮೈನರ್ ಖಾತೆಯಿದ್ದರೆ 18 ತುಂಬಿದ ಮೇಲೆ ಹೊಸ ಸಹಿ, ಫೋಟೋ, ಕೆವೈಸಿ ಕೊಡುವವರೆಗೆ ಬ್ಯಾಂಕು ಅದನ್ನು ತಡೆಹಿಡಿಯಬಹುದು. ಹುಟ್ಟುಹಬ್ಬ ಸೆಪ್ಟೆಂಬರಿನಲ್ಲಿದ್ದರೆ ಊರು ಬಿಡುವ ಮುಂಚೆಯೇ ಶಾಖೆಯಲ್ಲಿ ಕೇಳಿ, ಏನು ತರಬೇಕೆಂದು ಬರೆದುಕೊಳ್ಳಿ.

ಫೈಲು

ಮೂಲ ದಾಖಲೆ ಕಾಲೇಜಿಗೆ ಕೊಡುವ ಮೊದಲು ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ, ಒಂದೊಂದು ದಾಖಲೆಗೂ ಬೇರೆ ಪಿಡಿಎಫ್ ಇಡಿ. ಸಿಇಟಿ ಪ್ರವೇಶ ಆದೇಶ, ಶುಲ್ಕ ಕಟ್ಟಿದ ಚಲನ್, ಎರಡೂ ಅಂಕಪಟ್ಟಿ, ವರ್ಗಾವಣೆ ಪತ್ರ, ವ್ಯಾಸಂಗ ಪ್ರಮಾಣಪತ್ರ. ಮೀಸಲಾತಿ ಪಡೆದಿದ್ದರೆ ಜಾತಿ-ಆದಾಯ ಪತ್ರ, ಗ್ರಾಮೀಣ ಅಥವಾ ಕನ್ನಡ ಮಾಧ್ಯಮ ಪತ್ರ, ಕಲ್ಯಾಣ ಕರ್ನಾಟಕದವರಿಗೆ 371(ಜೆ) ಪತ್ರ. ಇವುಗಳ ಜೆರಾಕ್ಸ್ ಐದು ಸೆಟ್, ಪಾಸ್‌ಪೋರ್ಟ್ ಅಳತೆಯ ಫೋಟೋ ಕನಿಷ್ಠ 12. ಜಾತಿ-ಆದಾಯ ಪತ್ರದ ಮೇಲಿರುವ, ಆರ್‌ಡಿ ಎಂದು ಶುರುವಾಗುವ ಸಂಖ್ಯೆಯನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಇಡೀ ವರ್ಷ ಅದನ್ನು ಕೇಳುತ್ತಲೇ ಇರುತ್ತಾರೆ. ವರ್ಗಾವಣೆ ಪತ್ರ ಮೂಲದಲ್ಲೇ ಕಾಲೇಜಿಗೆ ಹೋಗುತ್ತದೆ. ಉಳಿದ ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿ ಹಿಂದಿರುಗಿಸಬೇಕು, ಇಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ಹೇಳಿದೆ. ಇಟ್ಟುಕೊಂಡರೆ ಯಾವ್ಯಾವುದು ಎಂದು ಬರೆದು ಸೀಲು ಹಾಕಿದ ಸ್ವೀಕೃತಿ ಕೇಳಿ ಪಡೆಯಿರಿ. ‘ಸಾರ್, ಅಪ್ಪ ಕೇಳ್ತಾರೆ’ ಎಂದರೆ ಗುಮಾಸ್ತರು ಬೇಸರಪಡದೆ ಕೊಡುತ್ತಾರೆ.

ಉಳಿಯುವ ಜಾಗ

ಸೀಟು ಒಪ್ಪಿಕೊಂಡು ಮುಂದಿನ ಸುತ್ತಿಗೂ ಹೋಗುವ ಎರಡನೇ ಆಯ್ಕೆ ಒತ್ತಿದ್ದರೆ ಪಿಜಿಗೆ ಅಡ್ವಾನ್ಸ್ ಕೊಡಬೇಡಿ. ಕೆಂಗೇರಿ ಕಡೆಯ ಕಾಲೇಜೆಂದು ಜಾಗ ಹಿಡಿದು, ಮುಂದಿನ ಸುತ್ತಿನಲ್ಲಿ ಯಲಹಂಕ ಬಂದರೆ ಆ ಹಣ ಹೋದಂತೆ. ಸಿಕ್ಕ ಸೀಟೇ ಸಾಕೆಂದು ಒಪ್ಪುವ ಒಂದನೇ ಆಯ್ಕೆ ಒತ್ತಿ, ಪ್ರವೇಶ ಆದೇಶ ಕೈಗೆ ಬಂದ ಮೇಲೆ ಜಾಗ ಹುಡುಕಿ.

ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗೆ ಅರ್ಹರಾದವರು ಪಿಜಿಯಲ್ಲಿದ್ದರೂ ಅರ್ಜಿ ಹಾಕಿ. ಅದು ರಾಜ್ಯ ಹಾಸ್ಟೆಲ್ ತಂತ್ರಾಂಶ ಎಸ್‌ಎಚ್‌ಪಿಯಲ್ಲಿ. ಸೀಟುಗಳು ಸುತ್ತು ಸುತ್ತಾಗಿ ಹಂಚಿಕೆಯಾಗುತ್ತವೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಇದೆ: ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು. ಪಿಜಿ ಬಾಡಿಗೆಗೆ ಅದು ಸಾಲದು, ಆದರೆ ಬಿಡುವಂಥದ್ದೂ ಅಲ್ಲ. ಸಮುದಾಯದ ಸಂಘಗಳು, ಮಠಗಳು ನಡೆಸುವ ವಿದ್ಯಾರ್ಥಿ ನಿಲಯಗಳಿಗೆ ಅರ್ಜಿ ಬಹಳ ಬೇಗ ಮುಗಿಯುತ್ತದೆ. ಸೀಟು ಸಿಕ್ಕ ವಾರದಲ್ಲೇ ಫೋನ್ ಮಾಡಿ ಕೇಳಿ.

ಪಿಜಿಯನ್ನು ಫೋಟೋ ನೋಡಿ ಹಿಡಿಯಬಾರದು. ಹಗಲು ಹೊತ್ತೂ ನೋಡಬಾರದು. ವಾರದ ದಿನ ರಾತ್ರಿ 7ರಿಂದ 9ರೊಳಗೆ ಹೋಗಿ. ಊಟ, ನೀರು, ಗದ್ದಲ, ಬೀದಿ ದೀಪ ನಾಲ್ಕೂ ಆಗ ನಿಜ ಹೇಳುತ್ತವೆ. ನೋಡಬೇಕಾದದ್ದು:

1. ಹಾಸಿಗೆ ಎತ್ತಿ, ಹೊಲಿಗೆಯ ಸಾಲು ಮತ್ತು ಮಂಚದ ಮೂಲೆಗಳಿಗೆ ಫೋನಿನ ಟಾರ್ಚ್ ಬಿಡಿ. ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ, ಕಂದು ಕಲೆ ಇದ್ದರೆ ತಿಗಣೆ. ಅಂಥ ರೂಮು ಎಷ್ಟೇ ಅಗ್ಗವಾದರೂ ಬೇಡ. ಚೀಲದ ಹೊಲಿಗೆಯಲ್ಲಿ ಕೂತು ಅವು ಹಬ್ಬಕ್ಕೆ ನಿಮ್ಮ ಜೊತೆ ಊರಿಗೂ ಬರುತ್ತವೆ.

2. ‘ಅಣ್ಣ, ನೀರು ಕಾವೇರಿದಾ, ಬೋರಾ, ಟ್ಯಾಂಕರಾ?’ ಎಂದು ಕೇಳಿ, ನಲ್ಲಿಯಡಿ ಕೈಗೆ ಸೋಪು ಹಚ್ಚಿ ನೋಡಿ. ನೊರೆ ಬಾರದೆ ಜಿಡ್ಡಿನಂತೆ ಅಂಟಿದರೆ ಗಡಸು ನೀರು. ಸ್ನಾನಕ್ಕೆ ಹೇಗೋ ನಡೆಯುತ್ತದೆ. ಕುಡಿಯಲು ಆರ್‌ಒ ಇದೆಯೇ, ಕೆಟ್ಟು ನಿಂತಿಲ್ಲವೇ ನೋಡಬೇಕು.

3. ಅಡ್ವಾನ್ಸ್ ಎಷ್ಟು, ಬಿಡುವಾಗ ಎಷ್ಟು ಹಿಡಿಯುತ್ತಾರೆ, ಎಷ್ಟು ದಿನ ಮೊದಲೇ ಹೇಳಬೇಕು. ಬಾಡಿಗೆ 8,000, ಅಡ್ವಾನ್ಸ್ 8,000, ನಿರ್ವಹಣೆಗೆಂದು 2,000 ಕಡಿತ ಎಂದಿಟ್ಟುಕೊಳ್ಳಿ. ಒಂದು ತಿಂಗಳ ನೋಟಿಸ್ ಕೊಡದೆ ಬಿಟ್ಟರೆ ವಾಪಸ್ ಬರುವುದು ಸೊನ್ನೆ. ಇದನ್ನು ಬಾಯಲ್ಲಿ ಕೇಳಿ, ಆಮೇಲೆ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಹಣ ಯುಪಿಐಯಲ್ಲೇ ಕೊಡಿ.

4. ಮಧ್ಯಾಹ್ನದ ಊಟ ಬಹಳ ಪಿಜಿಗಳಲ್ಲಿ ಭಾನುವಾರ ಮಾತ್ರ. ಕಾಲೇಜು ಕ್ಯಾಂಟೀನಿನ ಖರ್ಚನ್ನು ತಿಂಗಳ ಲೆಕ್ಕಕ್ಕೆ ಸೇರಿಸಿ.

5. ಮಹಡಿಯಿಂದ ಇಳಿಯಲು ಎರಡನೇ ದಾರಿ ಇದೆಯೇ, ಇದ್ದರೆ ಅದಕ್ಕೆ ಬೀಗ ಬಿದ್ದಿದೆಯೇ.

ಬಿಬಿಎಂಪಿ 2024ರಲ್ಲಿ ಹೊರಡಿಸಿದ ಪಿಜಿ ಮಾರ್ಗಸೂಚಿಯಲ್ಲಿ ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿ ಕ್ಯಾಮೆರಾ ಇರಬೇಕೆಂದಿದೆ. ಹತ್ತಡಿ-ಹನ್ನೆರಡಡಿ ಕೋಣೆಯೆಂದರೆ 120 ಚದರಡಿ, ಇಬ್ಬರಿಗೂ ಸಾಲದು. ಅದರಲ್ಲಿ ನಾಲ್ಕು ಮಂಚ ಕಂಡರೆ ಮಾಲೀಕರ ಉಳಿದ ಮಾತುಗಳನ್ನೂ ಅದೇ ಅಳತೆಯಲ್ಲಿ ನಂಬಿ.

ಮೊದಲ ತಿಂಗಳು ಒಂದೇ ತಿಂಗಳ ಹಣ ಕೊಡಿ. ಆರು ತಿಂಗಳು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂಬ ಮಾತಿಗೆ ಆಗಲೇ ಒಪ್ಪಬೇಡಿ. ಕಾಲೇಜಿನ ಗೆಳೆಯರು ಆದ ಮೇಲೆ, ಮೂರು-ನಾಲ್ಕು ಮಂದಿ ಸೇರಿ ರೂಮು ಮಾಡುವ ಯೋಚನೆ ಹೇಗೂ ಬರುತ್ತದೆ.

ಸಾಮಾನು

ಪಿಜಿಯಲ್ಲಿ ಮಂಚ, ಹಾಸಿಗೆ ಇದ್ದೇ ಇರುತ್ತವೆ. ಊರಿನಿಂದ ತರಬೇಕಾದದ್ದು ಸಿಂಗಲ್ ಬೆಡ್‌ಶೀಟ್ ಎರಡು, ದಪ್ಪ ಕಂಬಳಿ ಅಥವಾ ರಗ್ಗು ಒಂದು, ದಿಂಬು. ಬಯಲುಸೀಮೆಯ ಬಿಸಿಲಿನಿಂದ ಬಂದವರು ಬೆಂಗಳೂರಿನ ಆಗಸ್ಟ್ ರಾತ್ರಿಯ ಚಳಿಯನ್ನು ಲಘುವಾಗಿ ತೆಗೆದುಕೊಳ್ಳುತ್ತಾರೆ. ಕಪಾಟಿಗೆ, ಟ್ರಂಕಿಗೆ ಒಂದೊಂದು ಬೀಗ. ಒಂದು ಕೀಲಿ ಕಾಲೇಜು ಚೀಲದಲ್ಲಿ, ಇನ್ನೊಂದು ಬೇರೆ ಕಡೆ. ಒಂದೇ ಗೊಂಚಲಿನಲ್ಲಿಟ್ಟರೆ ಎರಡೂ ಒಟ್ಟಿಗೇ ಕಳೆಯುತ್ತವೆ. ಬಟ್ಟೆ ಒಣಗಿಸುವ ಹಗ್ಗ ಐದು ಮೀಟರ್, ಕ್ಲಿಪ್ಪು ಒಂದು ಡಜನ್, ಸ್ಟೀಲಿನ ತಟ್ಟೆ-ಲೋಟ, ಕೊಡೆ. ಬಕೆಟ್ಟು, ಮಗ್ಗು, ಪೊರಕೆ ಅಲ್ಲೇ ಕೊಳ್ಳಿ.

ಕೆಟಲ್, ಇಂಡಕ್ಷನ್ ಒಲೆ, ನೀರು ಕಾಯಿಸುವ ರಾಡು ಇವನ್ನು ಬಿಟ್ಟು ಬನ್ನಿ. ಮಂಚದ ಪಕ್ಕದ ಚಿಕ್ಕ ಪ್ಲಗ್ 6 ಆಂಪಿಯರಿನದು. 230 ವೋಲ್ಟಿಗೆ ಲೆಕ್ಕ ಹಾಕಿದರೆ 1,380 ವ್ಯಾಟ್. ಸಾಮಾನ್ಯ ಕೆಟಲ್ಲೇ 1,500 ವ್ಯಾಟ್, ಇಂಡಕ್ಷನ್ ಒಲೆ 2,000ದವರೆಗೆ. ಎಕ್ಸ್‌ಟೆನ್ಷನ್ ಬೋರ್ಡಿನ ತೆಳು ತಂತಿ ಮೊದಲು ಕಾಯುತ್ತದೆ, ಆಮೇಲೆ ಕರಗುತ್ತದೆ. ಬಹಳಷ್ಟು ಪಿಜಿಗಳು ಇವನ್ನು ಬಿಡುವುದಿಲ್ಲ, ಕಾರಣ ಇದೇ.

ತಿಂಡಿಯ ವಿಷಯ ಅಮ್ಮಂದಿರಿಗೆ ಹೇಳಿಕೊಡಬೇಕಿಲ್ಲ. ಆದರೆ ಡಬ್ಬಿ ತುಂಬುವ ಮುನ್ನ ಒಂದು ಮಾತು: ಒಣಗಿದ್ದು ಬಾಳುತ್ತದೆ, ಪಸೆ ಇದ್ದದ್ದು ಕೆಡುತ್ತದೆ. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ತಿಂಗಳು ಕಳೆದರೂ ಏನಾಗದು. ಕೊಬ್ಬರಿ ಹಾಕಿದ ಚಟ್ನಿಪುಡಿ ಅದಕ್ಕಿಂತ ಬೇಗ ಕಮಟು ವಾಸನೆ ಹಿಡಿಯುತ್ತದೆ, ಅದನ್ನು ಮೊದಲು ತಿಂದು ಮುಗಿಸಿ. ಪುಳಿಯೋಗರೆ ಗೊಜ್ಜಿನ ಮೇಲೆ ಎಣ್ಣೆ ನಿಂತಿರಬೇಕು, ಒದ್ದೆ ಚಮಚ ತಾಗಬಾರದು. ಎಲ್ಲವನ್ನೂ ಒಂದೇ ದೊಡ್ಡ ಡಬ್ಬಿಯಲ್ಲಿ ಕಳಿಸದೆ ಚಿಕ್ಕ ಚಿಕ್ಕ ಡಬ್ಬಿ ಮಾಡಿ. ತೆರೆದ ಡಬ್ಬಿ ರೂಮಿನವರೊಂದಿಗೆ ಅದೇ ರಾತ್ರಿ ಖಾಲಿ.

ಲ್ಯಾಪ್‌ಟಾಪ್ ಈಗಲೇ ಬೇಡ. ಮೊದಲ ಸೆಮಿಸ್ಟರಿನ ಪ್ರೋಗ್ರಾಮಿಂಗು, ಡ್ರಾಯಿಂಗು ಕಾಲೇಜಿನ ಲ್ಯಾಬಿನಲ್ಲೇ ನಡೆಯುತ್ತವೆ. ಎರಡು ತಿಂಗಳು ಕಾದರೆ ನಿಮ್ಮ ಬ್ರ್ಯಾಂಚಿಗೆ ಏನು ಬೇಕೆಂದು ಸೀನಿಯರ್‌ಗಳಿಂದ ತಿಳಿಯುತ್ತದೆ. ಡ್ರಾಫ್ಟರು, ಲ್ಯಾಬ್ ಕೋಟು, ರೆಕಾರ್ಡ್ ಪುಸ್ತಕಗಳನ್ನೂ ಕಾಲೇಜು ಹೇಳುವ ತನಕ ಕೊಳ್ಳಬೇಡಿ. ಮೊದಲ ದಿನದಿಂದ ಬೇಕಾಗುವುದು ಒಂದೇ: ಪ್ರೋಗ್ರಾಮ್ ಮಾಡಲಾಗದ ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್, ಕ್ಯಾಸಿಯೊ ಎಫ್‌ಎಕ್ಸ್-991 ಸರಣಿಯದು ಸಾಕು. ಹಳೆಯ ಪಠ್ಯಪುಸ್ತಕಕ್ಕೆ ಅವೆನ್ಯೂ ರಸ್ತೆಗೆ ಹೋಗಿ, ಆದರೆ ಸಿಲಬಸ್ಸಿನ ಸ್ಕೀಮ್ ವರ್ಷ (ಆ ಸಿಲಬಸ್ಸು ಜಾರಿಗೆ ಬಂದ ವರ್ಷ) ಹೊಂದುತ್ತದೆಯೇ ನೋಡಿ ದುಡ್ಡು ಕೊಡಿ.

ಪ್ರಯಾಣ

ತುಮಕೂರು ರಸ್ತೆಯಿಂದ ಬರುವ ಬಸ್ಸಿನವರೆಲ್ಲ ಮೆಜೆಸ್ಟಿಕ್ ತನಕ ಬರಬೇಕಿಲ್ಲ. ಪಿಜಿ ಉತ್ತರ ದಿಕ್ಕಿನಲ್ಲಿದ್ದರೆ ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ ಅಥವಾ ಯಶವಂತಪುರದಲ್ಲಿ ಇಳಿಯುವುದೇ ಹತ್ತಿರ. ಕಂಡಕ್ಟರಿಗೆ ಹತ್ತುವಾಗಲೇ ಹೇಳಿಡಿ. ಹಸಿರು ಮೆಟ್ರೋ ಅದೇ ರಸ್ತೆಗುಂಟ ಬಂದು ಮೆಜೆಸ್ಟಿಕ್ ದಾಟಿ ದಕ್ಷಿಣಕ್ಕೆ ಹೋಗುತ್ತದೆ. ಆದರೆ ಟ್ರಂಕು, ಹಾಸಿಗೆ ಸುರುಳಿ ಹೊತ್ತವರನ್ನು ಸ್ಕ್ಯಾನರಿನ ಬಳಿ ತಡೆಯುತ್ತಾರೆ. ಸಾಮಾನಿನ ದಿನ ಆಟೋನೇ ವಾಸಿ. ರೈಲಿನವರು ಟಿಕೆಟ್ಟಿನಲ್ಲಿ ನಿಲ್ದಾಣದ ಹೆಸರು ಓದಿ: ಕೆಎಸ್‌ಆರ್ ಬೆಂಗಳೂರು, ಯಶವಂತಪುರ, ಬೈಯಪ್ಪನಹಳ್ಳಿಯ ಎಸ್‌ಎಂವಿಟಿ ಮೂರೂ ಮೂರು ದಿಕ್ಕು.

ವಿದ್ಯಾರ್ಥಿನಿಯರಿಗೆ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣವಿಲ್ಲ. ಎಸಿ, ಸ್ಲೀಪರ್ ಬಸ್ಸಿಗೆ ಅನ್ವಯಿಸದು. ಹುಡುಗರು ಕಾಲೇಜು ಸೇರಿದ ತಕ್ಷಣ ಸೇವಾಸಿಂಧುವಿನಲ್ಲಿ ಬಿಎಂಟಿಸಿ ವಿದ್ಯಾರ್ಥಿ ಪಾಸಿಗೆ ಅರ್ಜಿ ಹಾಕಿ. ಕಾಲೇಜು ಅದನ್ನು ಆನ್‌ಲೈನಿನಲ್ಲಿ ಅನುಮೋದಿಸಬೇಕು, ತಡವಾಗುವುದು ಅಲ್ಲೇ. ಅರ್ಜಿ ಸಂಖ್ಯೆ ಹಿಡಿದು ಕಚೇರಿಗೆ ಹೋಗಿ ನೆನಪಿಸಿ.

ಕಾಲೇಜಿನ ಮೊದಲ ವಾರ

ಪರಿಚಯ ಕಾರ್ಯಕ್ರಮಗಳ ಗಲಾಟೆಯಲ್ಲಿ ಆಗಬೇಕಾದ ಕೆಲಸ ನಾಲ್ಕು. ಎಸ್‌ಎಸ್‌ಪಿಗೆ ಬೇಕಾದ ದಾಖಲೆಗಳ ಇ-ದೃಢೀಕರಣ: ಪ್ರತಿ ಕಾಲೇಜಿನಲ್ಲೂ ಇದಕ್ಕೊಬ್ಬ ಅಧಿಕಾರಿ ಇರುತ್ತಾರೆ, ಅವರ ಹೆಸರು-ಕೋಣೆ ಕೇಳಿಟ್ಟುಕೊಳ್ಳಿ. ಕೊನೆಯ ದಿನಾಂಕದ ವಾರ ಆ ಬಾಗಿಲಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಎರಡನೆಯದು ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆ. ವಿದ್ಯಾರ್ಥಿ, ಪೋಷಕರು ಇಬ್ಬರ ಪರವಾಗಿಯೂ ಆನ್‌ಲೈನಿನಲ್ಲಿ ತುಂಬಬೇಕು. ಡಿಜಿಲಾಕರ್ ಮೂಲಕ ಎಬಿಸಿ ಐಡಿ (ಗಳಿಸಿದ ಕ್ರೆಡಿಟ್ ಕೂಡಿಡುವ ಖಾತೆಯ ಸಂಖ್ಯೆ) ಮೂರನೆಯದು, ಅಲ್ಲಿಯೂ ಹೆಸರು ಆಧಾರಿನಂತೆ ಬರುತ್ತದೆ. ಕೊನೆಯದು ಗುರುತಿನ ಚೀಟಿ. ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಡುವ ವಿದ್ಯಾರ್ಥಿ ಸಂಖ್ಯೆ) ತಡವಾಗಿ ಬರುತ್ತದೆ, ಗಾಬರಿ ಬೇಡ. ಬಂದಾಗ ಮೊದಲ ಅಂಕಿ ವಲಯವನ್ನು ಹೇಳುತ್ತದೆ: ಬೆಂಗಳೂರಿಗೆ 1, ಬೆಳಗಾವಿಗೆ 2, ಕಲಬುರಗಿಗೆ 3, ಮೈಸೂರಿಗೆ 4. ನಂತರ ಕಾಲೇಜಿನ ಎರಡಕ್ಷರ, ಸೇರಿದ ವರ್ಷ, ಬ್ರ್ಯಾಂಚು, ಕ್ರಮಸಂಖ್ಯೆ. ಹಾಲ್‌ಟಿಕೆಟ್ಟಿನಿಂದ ಪದವಿ ಪತ್ರದವರೆಗೆ ಅದೇ ಇರುವುದರಿಂದ, ಜೊತೆಗೆ ಮುದ್ರಿಸಿದ ಹೆಸರಿನ ಕಾಗುಣಿತ ತಪ್ಪಿದ್ದರೆ ಅದೇ ದಿನ ಹೇಳಿ.

ಹಾಜರಿ ಮತ್ತು ಅಂಕದ ಲೆಕ್ಕ

ಮೊದಲ ವರ್ಷದವರನ್ನು ಬೀಳಿಸುವುದು ಪಾಠದ ಕಷ್ಟಕ್ಕಿಂತ ಈ ಲೆಕ್ಕ ತಿಳಿಯದಿರುವುದು. ವಿಟಿಯುದಲ್ಲಿ ಪ್ರತಿ ವಿಷಯಕ್ಕೂ ಬೇರೆ ಬೇರೆಯಾಗಿ 85 ಪ್ರತಿಶತ ಹಾಜರಿ ಬೇಕು. ಒಟ್ಟು ಸರಾಸರಿ ನಡೆಯದು. 40 ತರಗತಿಯ ವಿಷಯದಲ್ಲಿ 34 ಬೇಕು, ಅಂದರೆ ತಪ್ಪಿಸಬಹುದಾದದ್ದು ಆರು. ಸೋಮವಾರ ಮೊದಲ ಗಂಟೆ ಗಣಿತವಿದೆ ಎನ್ನಿ. ತಿಂಗಳಿಗೆರಡು ಸಲ ಊರಿಗೆ ಹೋಗಿ ಸೋಮವಾರ ಮಧ್ಯಾಹ್ನ ಮುಟ್ಟುವವರಿಗೆ ನಾಲ್ಕು ತಿಂಗಳಲ್ಲಿ ಎಂಟು ತರಗತಿ ಹೋಯಿತು. ಉಳಿದದ್ದು 80 ಪ್ರತಿಶತ. ಅನಾರೋಗ್ಯದಂಥ ಕಾರಣಕ್ಕೆ 75ರವರೆಗೆ ವಿನಾಯಿತಿ ಸಿಗಬಹುದು, ಆದರೆ ಅದು ಪ್ರಾಂಶುಪಾಲರ ಶಿಫಾರಸಿನ ಮೇಲೆ. ವೈದ್ಯರ ಚೀಟಿ, ಔಷಧದ ಬಿಲ್ಲು ಎತ್ತಿಟ್ಟಿರಿ. ಊರಿಗೆ ಹೋಗುವುದಾದರೆ ಭಾನುವಾರ ರಾತ್ರಿ ಬಸ್ಸು ಹತ್ತಿ. ಕೊನೆಯ ಸುತ್ತಿನಲ್ಲಿ ಸೀಟು ಸಿಕ್ಕಿ ತಡವಾಗಿ ಸೇರಿದವರು ತಮ್ಮ ಹಾಜರಿ ಯಾವ ದಿನದಿಂದ ಲೆಕ್ಕವೆಂದು ವಿಭಾಗದಲ್ಲಿ ಕೇಳಿಕೊಳ್ಳಿ.

ಅಂಕ 2022ರ ಸ್ಕೀಮಿನಂತೆ ಹೀಗಿದೆ: ಒಳ ಮೌಲ್ಯಮಾಪನ 50, ಸೆಮಿಸ್ಟರ್ ಪರೀಕ್ಷೆ 50. ಒಳಗಿನದರಲ್ಲಿ 20 ಬಾರದಿದ್ದರೆ ಪರೀಕ್ಷೆಗೆ ಕೂರುವ ಹಾಗಿಲ್ಲ. ಪರೀಕ್ಷೆಯನ್ನು 100ಕ್ಕೆ ಬರೆಸಿ 50ಕ್ಕೆ ಇಳಿಸುತ್ತಾರೆ, ಅದರಲ್ಲಿ ಕನಿಷ್ಠ 18. ಹಲವರು ಎಡವುವುದು ಇಲ್ಲಿ: 20ಕ್ಕೆ 18 ಕೂಡಿಸಿದರೆ 38, ಬೇಕಾದದ್ದು 40. ಎರಡು ಕಡೆಯೂ ಕನಿಷ್ಠ ತೆಗೆದವರು ಫೇಲು. ಒಳ ಅಂಕ 35-40 ಮಾಡಿಕೊಂಡವರಿಗೆ ಪರೀಕ್ಷೆಯಲ್ಲಿ 18 ಬಂದರೂ ದಾಟುತ್ತದೆ. ಮೊದಲ ಇಂಟರ್ನಲ್ ಬರುವುದು ತರಗತಿ ಶುರುವಾದ ಐದಾರು ವಾರಕ್ಕೇ. ಅಸೈನ್‌ಮೆಂಟನ್ನು ಹೇಳಿದ ದಿನಕ್ಕೆ ಕೊಡುವುದು ಅತ್ಯಂತ ಅಗ್ಗದ ಅಂಕ. ಸ್ವಾಯತ್ತ ಕಾಲೇಜುಗಳ ನಿಯಮ ಬೇರೆ ಇರಬಹುದು, ಅವರ ಕೈಪಿಡಿ ನೋಡಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಮೂರು ವಾರ ಕಿವಿಗೆ ಮಾತೇ ಹತ್ತದಿರಬಹುದು. ಎಲ್ಲವನ್ನೂ ಬರೆದುಕೊಳ್ಳಲು ಹೋಗಬೇಡಿ, ಬೋರ್ಡಿನ ಮೇಲಿನ ಚಿತ್ರ, ಸೂತ್ರ, ಶೀರ್ಷಿಕೆ ಮಾತ್ರ ಬರೆಯಿರಿ. ಅದೇ ಸಂಜೆ ಆ ಶೀರ್ಷಿಕೆಯನ್ನು ಪುಸ್ತಕದಲ್ಲಿ ಹುಡುಕಿ ಎರಡು ಪುಟ ಓದಿ. ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲು, ಪ್ರತಿಯೊಂದರಿಂದ ಎರಡು ಪ್ರಶ್ನೆ, ಒಂದಕ್ಕೆ ಉತ್ತರಿಸಬೇಕು. ಹಳೆಯ ಪತ್ರಿಕೆಗಳನ್ನು ತೆಗೆದು ಪ್ರಶ್ನೆಯ ಮೊದಲ ಪದಗಳನ್ನು ಪಟ್ಟಿ ಮಾಡಿ. ಡಿರೈವ್, ಸ್ಟೇಟ್, ಎಕ್ಸ್‌ಪ್ಲೇನ್, ಡಿಸ್ಟಿಂಗ್ವಿಷ್ ಹೀಗೆ ಹತ್ತು-ಹದಿನೈದೇ ಸುತ್ತಿ ಸುತ್ತಿ ಬರುತ್ತವೆ. ಭೌತಶಾಸ್ತ್ರ ನಿಮಗೆ ಗೊತ್ತಿರುವುದೇ, ಅಂಗಿ ಬದಲಾಗಿದೆ ಅಷ್ಟೆ.

ಮೈ, ಮನಸ್ಸು, ತುರ್ತು

ನೀರು ಬದಲಾದ ಮೊದಲ ಹದಿನೈದು ದಿನ ಹೊಟ್ಟೆ ಕೆಡುವುದು ಸಾಮಾನ್ಯ. ಓಆರ್‌ಎಸ್‌ನ ದೊಡ್ಡ ಪೊಟ್ಟಣ, ಸುಮಾರು 21 ಗ್ರಾಮಿನದು, ಒಂದು ಲೀಟರ್ ನೀರಿಗೆ. ಲೋಟಕ್ಕೆ ಸುರಿದು ಕುಡಿದರೆ ಉಪ್ಪು ಹೆಚ್ಚಾಗಿ ಭೇದಿ ಇನ್ನೂ ಜೋರಾಗುತ್ತದೆ. 200 ಮಿಲಿಗೆಂದೇ ಚಿಕ್ಕ ಪೊಟ್ಟಣ ಬೇರೆ ಇದೆ. ಮಳೆಗಾಲದ ಜ್ವರ ಎರಡು ದಿನ ದಾಟಿದರೆ ರಕ್ತ ಪರೀಕ್ಷೆ ಮಾಡಿಸಿ. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ. ಹತ್ತಿರದ ನಮ್ಮ ಕ್ಲಿನಿಕ್ ಎಲ್ಲಿದೆಯೆಂದು ಆರಾಮವಾಗಿರುವಾಗಲೇ ನೋಡಿಡಿ.

ರ‍್ಯಾಗಿಂಗ್ ಸಹಾಯವಾಣಿ 1800-180-5522, ಹೆಸರು ಹೇಳದೆಯೂ ದೂರು ಕೊಡಬಹುದು. ಪೊಲೀಸ್, ಆಂಬುಲೆನ್ಸ್ ಎಲ್ಲಕ್ಕೂ 112. ನಿದ್ದೆ ಬಾರದೆ, ಊಟ ಸೇರದೆ, ತರಗತಿಗೆ ಹೋಗಲೇ ಮನಸ್ಸಾಗದೆ ಎರಡು ವಾರ ಕಳೆದರೆ ಅದು ಬರೀ ಊರಿನ ನೆನಪಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲು-ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ದಸರೆಗೆ ಊರಿಗೆ ಹೋಗುವುದಂತೂ ಖಾತ್ರಿ ತಾನೆ? ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ, ಹಬ್ಬದ ವಾರದ ಸ್ಲೀಪರ್ ಬೇಗ ತುಂಬುತ್ತದೆ. ಹೋಗುವ ಟಿಕೆಟ್ಟಿನ ಜೊತೆ ಬರುವ ಟಿಕೆಟ್ಟನ್ನೂ ತೆಗೆಯಿರಿ. ವಾಪಸ್ ಬರುವಾಗ ಸ್ವೆಟರ್ ತನ್ನಿ, ಬೇಡವಾದ ಬಟ್ಟೆ ಅಲ್ಲೇ ಬಿಟ್ಟು ಬನ್ನಿ, ಬ್ಯಾಂಕಿನ ಕೆಲಸ ಉಳಿದಿದ್ದರೆ ಹಬ್ಬದ ರಜೆ ಬಿದ್ದ ದಿನ ಬಿಟ್ಟು ಮುಗಿಸಿ.